ಚಾಚಿದ ಕೈ

ದಸರಾ ಕುಸ್ತಿಗೆ ಮುಂಚೆ ಮೈಸೂರಿನಲ್ಲಿ ಜೋಡಿ ಕಟ್ಟುವ ದಿನ ಅಂತ ಒಂದಿರುತ್ತದೆ. ಸುತ್ತಮುತ್ತಲ ಗರಡಿಗಳ ಪೈಲ್ವಾನರು ತಂತಮ್ಮ ಉಸ್ತಾದರ ಜೊತೆ ಬಂದು ಸೇರುತ್ತಾರೆ. ಇಬ್ಬರನ್ನು ಎದುರುಬದುರು ನಿಲ್ಲಿಸಿ ಹಿರಿಯರು ಕತ್ತು, ಭುಜ, ತೊಡೆ ನೋಡುತ್ತಾರೆ, ತೂಕ ಕೇಳುತ್ತಾರೆ. ಸರಿಜೋಡಿ ಅನ್ನಿಸಿದರೆ ‘ಕೈ ಮಿಲಾಯ್ಸಿ’ ಅನ್ನುತ್ತಾರೆ. ಇಬ್ಬರೂ ಕೈ ಹಿಡಿದರೆ ಜೋಡಿ ಬಿತ್ತು, ಒಬ್ಬ ಹಿಡಿಯದಿದ್ದರೆ ಇಲ್ಲ.

1994ರಲ್ಲಿ ನಾನು ಹಿಡಿಯಲಿಲ್ಲ.

ಎದುರಿಗಿದ್ದವನು ನಾಗಮಂಗಲದ ಕಡೆಯ ಹುಡುಗ. ನನಗಿಂತ ಎರಡು ವರ್ಷ ಚಿಕ್ಕವನು, ತೂಕದಲ್ಲೂ ಮೂರ್ನಾಲ್ಕು ಕಿಲೋ ಕಮ್ಮಿ. ಅವನ ಬಲಗೈ ಮುಂದೆ ಬಂದಿತ್ತು. ಅಂಗೈಯಲ್ಲಿ ಗದೆ ತಿರುಗಿಸಿ ತಿರುಗಿಸಿ ಎದ್ದ ಹಳದಿ ಜಡ್ಡು, ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಕೆಮ್ಮಣ್ಣು. ನಾನು ಬಗ್ಗಿ ಮೊಣಕಾಲು ಹಿಡಿದುಕೊಂಡು, ‘ನೋವು, ಈ ಸಲ ಆಗಲ್ಲ’ ಅಂದೆ. ಅರ್ಧ ಗಂಟೆ ಕಳೆದು ಅದೇ ಮೊಣಕಾಲಿನ ಮೇಲೆ ನಿಂತು ಇನ್ನೊಬ್ಬನ ಕೈ ಹಿಡಿದೆ. ಆ ಹುಡುಗ ಗುಂಪಿನ ಅಂಚಿನಲ್ಲಿ ಇನ್ನೂ ಅಂಗಿ ಹಾಕಿಕೊಳ್ಳದೆ ನಿಂತು ನೋಡುತ್ತಿದ್ದ.

ಕಾರಣ ನನಗೆ ಗೊತ್ತಿತ್ತು. ಆ ವರ್ಷದ ಬೇಸಿಗೆಯಲ್ಲಿ ಕೆ.ಆರ್. ಪೇಟೆ ಕಡೆಯ ಒಂದು ಜಾತ್ರೆಯಲ್ಲಿ ಅವನ ಕುಸ್ತಿ ನೋಡಿದ್ದೆ. ಭಾರಿ ಆಳೊಬ್ಬನನ್ನು ಢಾಕ್ ಹಾಕಿ ಎತ್ತಿ ಬೆನ್ನ ಮೇಲೆ ಕೆಡವಿದ್ದ. ಕೆಡವಿದ್ದಕ್ಕಿಂತ ಅದಕ್ಕೆ ಮುಂಚೆ ಅವನು ಕಾಯುತ್ತಿದ್ದ ರೀತಿ ನನ್ನನ್ನು ಹೆದರಿಸಿತು. ಅವನಲ್ಲಿ ಅವಸರವೇ ಇರಲಿಲ್ಲ. ಅಂದು ರಾತ್ರಿ ನಮ್ಮೂರು ಬೆಳಗೊಳಕ್ಕೆ ಬರುವಾಗ ಬಸ್ಸಿನಲ್ಲೇ ತೀರ್ಮಾನ ಮಾಡಿದ್ದೆ, ಇವನ ಜೊತೆ ಹಿಡಿಯಬಾರದು ಅಂತ.

ಊರಲ್ಲಿ ಆಗ ನಾನು ಸೋಲಿಲ್ಲದವನು. ರೈಲ್ವೆ ಸ್ಟೇಷನ್ ಹತ್ತಿರದ ಟೀ ಅಂಗಡಿಯಲ್ಲಿ ಪೇಪರ್ ಮಿಲ್ಲಿನ ಪಾಳಿ ಮುಗಿಸಿ ಬಂದವರು, ನಾಲೆ ನೀರು ಕಟ್ಟಿ ಬಂದವರು ನನ್ನದೇ ಮಾತಾಡುತ್ತಿದ್ದರು. ‘ಹೆಸರು ಮಾಡ್ದೋನು ಸಿಕ್ಕುದ್ ಸಿಕ್ಕುದೋರ ಜೊತೆ ಯಾಕ್ಲಾ ಹಿಡೀಬೇಕು? ಆ ಹೈದ ಮೊದ್ಲು ನಾಕ್ ಜನುನ್ನ ಗೆದ್ಕಂಡ್ ಬರ್ಲಿ’ ಅಂತ ಕೆಲವರು. ‘ಗೆದ್ಕಂಡೇ ಬಂದವ್ನೆ. ನಮ್ಮೋನೇ ಆರ್ಸ್ಕೊಂಡು ಹಿಡೀತಾವ್ನೆ ಬುಡು’ ಅಂತ ಉಳಿದವರು. ಜಗಳ ಕೈ ಕೈ ಮಿಲಾಯಿಸುವ ಮಟ್ಟಕ್ಕೂ ಹೋಗಿತ್ತು. ನನ್ನ ಪರ ನಿಂತವರು ನನ್ನ ಮೇಲಿನ ಪ್ರೀತಿಯಿಂದಲೇ ನಿಂತಿದ್ದರು. ಅವರ ಮಾತನ್ನು ನಾನು ಔಷಧಿಯ ಹಾಗೆ ದಿನಾ ಕುಡಿದೆ. ಮೊಣಕಾಲಿನ ಸುಳ್ಳು ಅವರಿಗೆ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಉಸ್ತಾದರಿಗೆ. ಬೈಯಲಿಲ್ಲ. ಮಾರನೆಯ ದಿನ ಮಟ್ಟಿ ಅಗೆಯುವಾಗ ಹನುಮಂತನ ಪಟದ ಪಕ್ಕದಲ್ಲಿದ್ದ ಪೈಲ್ವಾನ್ ಗಾಮಾನ ಚಿತ್ರ ತೋರಿಸಿ, ಎಲ್ಲರೂ ಹತ್ತಾರು ಸಲ ಕೇಳಿದ್ದ ಕಥೆಯನ್ನೇ ಮತ್ತೆ ಹೇಳಿದರು. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಗಾಮಾನ ಎದುರು ಪೋಲೆಂಡಿನ ಜಿಬಿಸ್ಕೋ ಎರಡೂವರೆ ಗಂಟೆಯಲ್ಲಿ ಬಹುಪಾಲು ನೆಲಕ್ಕೆ ಕವುಚಿಕೊಂಡೇ ಇದ್ದು ಸೋಲು ತಪ್ಪಿಸಿಕೊಂಡ. ವಾರ ಬಿಟ್ಟು ಮತ್ತೆ ಹಿಡಿಯಲು ಕರೆದರೆ ಬರಲೇ ಇಲ್ಲ, ಪಟ್ಟ ಗಾಮಾನಿಗೆ ಹೋಯಿತು. ಉಸ್ತಾದರು ಅಷ್ಟಕ್ಕೇ ನಿಲ್ಲಿಸಿ ಗುದ್ದಲಿ ನನ್ನ ಕೈಗೆ ಕೊಟ್ಟರು. ಮಜ್ಜಿಗೆ, ಅರಿಶಿನ, ತುಪ್ಪ ಬೆರೆತ ಆ ಮಣ್ಣಿನ ವಾಸನೆ ಅಂದು ಗಂಟಲಲ್ಲಿ ಸಿಕ್ಕಿಕೊಂಡ ಹಾಗಾಯಿತು.

ಅದಾದ ಮೇಲೂ ಮೂರು ವರ್ಷ ಗೆದ್ದೆ, ಆರಿಸಿಕೊಂಡು ಗೆದ್ದೆ. ಯಾರ ಕತ್ತು ಮೆದು, ಯಾರಿಗೆ ಐದು ನಿಮಿಷಕ್ಕೆ ಏದುಸಿರು ಬರುತ್ತದೆ, ಯಾರ ಉಸ್ತಾದ್ ತೀರಿಕೊಂಡಿದ್ದಾನೆ, ಎಲ್ಲ ಲೆಕ್ಕ ಇಟ್ಟಿದ್ದೆ. ದೇಹಕ್ಕೂ ಅದರದ್ದೇ ಲೆಕ್ಕ ಇರುತ್ತದೆ ಅನ್ನುವುದು ತಿಳಿಯಲಿಲ್ಲ. ಸಾವಿರ ಬಸ್ಕಿ ಹೊಡೆದರೂ ಕತ್ತಿನ ಮೇಲೆ ನಿಜವಾದ ಭಾರ ಬೀಳದಿದ್ದರೆ ಕತ್ತು ಅದನ್ನು ಮರೆಯುತ್ತದೆ. ಕೆಳಗೆ ಬಿದ್ದವನು ಹೇಗೆ ಏಳಬೇಕು ಅನ್ನುವುದನ್ನು ಸೊಂಟ ಮರೆಯುತ್ತದೆ. 1997ರಲ್ಲಿ ಪಾಂಡವಪುರದ ಕಡೆ ಒಬ್ಬ ಚಿತ್ ಆಗುವವರೆಗೂ ನಡೆಯುವ ಮಾರ್ಫಿಟ್ ಕುಸ್ತಿಯೊಂದರಲ್ಲಿ ಹೆಸರೇ ಕೇಳಿರದ ಹುಡುಗನೊಬ್ಬ ಎರಡು ನಿಮಿಷದಲ್ಲಿ ನನ್ನನ್ನು ಚಿತ್ ಮಾಡಿದ. ಅವನನ್ನೂ ಮೆದು ಅಂದುಕೊಂಡೇ ಆರಿಸಿದ್ದೆ. ಆಮೇಲೆ ನಾನು ಕಾಚ ಕಟ್ಟಲಿಲ್ಲ.

2015ರ ಮೇ 3, ಭಾನುವಾರ ಬೆಳಿಗ್ಗೆ ಮಗ ಮತ್ತು ಅವನ ಗೆಳೆಯರು ನಮ್ಮ ನಡುಮನೆಯಲ್ಲಿ ಕೂತು ಮೇವೆದರ್ ಮತ್ತು ಪಾಕಿಯಾವೊ ನಡುವಿನ ಬಾಕ್ಸಿಂಗ್ ನೋಡಿದರು. 2009ರಲ್ಲೇ ಶುರುವಾಗಿ, ರಕ್ತಪರೀಕ್ಷೆಯ ತಕರಾರಿನಲ್ಲಿ ಮುರಿದುಬಿದ್ದ ಮಾತುಕತೆ ಆರು ವರ್ಷ ಎಳೆದು ಕೊನೆಗೆ ಪಂದ್ಯವಾದಾಗ ಒಬ್ಬನಿಗೆ 38, ಇನ್ನೊಬ್ಬನಿಗೆ 36. ಮೇವೆದರ್ ಗೆದ್ದ. ಗೆದ್ದ ಮೇಲೆ ಹುಡುಗರ ಜಗಳ ಜೋರಾಯಿತು. ಹೆದರಿ ತಡ ಮಾಡಿದ ಅಂತ ಒಬ್ಬ, ಚಾಂಪಿಯನ್ನನಿಗೆ ಯಾರ ಜೊತೆ ಯಾವಾಗ ಆಡಬೇಕು ಅನ್ನುವ ಹಕ್ಕಿದೆ ಅಂತ ಇನ್ನೊಬ್ಬ. ಅವೇ ಮಾತುಗಳು, ಟೀ ಅಂಗಡಿಯವೇ. ಮಗ ನನ್ನ ಕಡೆ ತಿರುಗಿ, ‘ನೀನ್ ಹೇಳಪ್ಪ, ನೀನ್ ಕುಸ್ತಿ ಮಾಡ್ದೋನು’ ಅಂದ. ಉತ್ತರ ಹೇಳಲಾಗದೆ ಎದ್ದು ಹಿತ್ತಿಲಿಗೆ ಹೋದೆ.

ಉಸ್ತಾದರು ಅರ್ಧಕ್ಕೆ ಬಿಟ್ಟಿದ್ದ ಕಥೆಯ ಉಳಿದ ಭಾಗ ಅಷ್ಟು ಹೊತ್ತಿಗೆ ಓದಿ ತಿಳಿದಿದ್ದೆ. ತಪ್ಪಿಸಿಕೊಂಡ ಜಿಬಿಸ್ಕೋ 18 ವರ್ಷ ಕಳೆದು, 1928ರಲ್ಲಿ, ಪಟಿಯಾಲಕ್ಕೆ ಬಂದು ಗಾಮಾನ ಎದುರು ನಿಂತ. ಒಂದು ನಿಮಿಷದೊಳಗೆ ಚಿತ್ ಆದ. ಆದರೂ ಬಂದ.

ವಿಚಾರಿಸಿ ವಿಚಾರಿಸಿ ನಾಗಮಂಗಲದ ಹುಡುಗನನ್ನು ಪಾಂಡವಪುರ ತಾಲ್ಲೂಕಿನ ಒಂದು ಆಲೆಮನೆಯಲ್ಲಿ ಹುಡುಕಿದೆ. ಕೊಪ್ಪರಿಗೆಯ ಮುಂದೆ ನಿಂತಿದ್ದ, ಕೂದಲು ಅರ್ಧ ನರೆತಿತ್ತು. ಗುರುತು ಹಿಡಿದ. ನಾನು ಮೊಣಕಾಲಿನ ವಿಷಯ ಹೇಳಿದೆ, ಸುಳ್ಳು ಅಂತ ಹೇಳಿದೆ. ‘ಗೊತ್ತಿತ್ತು ಕಣಣ್ಣ’ ಅಂದು ಕಬ್ಬಿನ ಹಾಲಿನ ನೊರೆ ತೆಗೆಯುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: ‘ನೀನು ಹಿಡಿಯಾಕ್ ಮುಂಚೆ ಎಡಗಾಲು ಮುಂದಕ್ ಮಡಗ್ತೀಯ, ಒಂದ್ಸಲ ಎತ್ತೀಯ, ತಿರ್ಗಾ ಮಡಗ್ತೀಯ. ಆ ಎತ್ತೋ ಗಳಿಗೆಗೆ ನಾನು ಎರಡ್ ವರ್ಷ ಸಾಮು ಮಾಡಿದ್ದೆ. ನಮ್ ಗರಡೀಲಿ ಒಬ್ಬುಂಗೆ ನಿನ್ನಂಗೇ ನಿಲ್ಲದ ಕಲ್ಸಿದ್ದೆ. ಅವನ್ನ ಎಲ್ರೂ ಬೆಳಗೊಳ ಅಂತ್ಲೇ ಕೂಗೋರು.’

ಎರಡು ವರ್ಷ. ನಾನು ಕೈ ಹಿಂದೆಗೆದದ್ದು ನನ್ನ ಹೆಸರು ಉಳಿಸಿಕೊಳ್ಳಲು ಅಂತಲೇ ಅಂದುಕೊಂಡಿದ್ದೆ. ಅದರಲ್ಲಿ ಅವನ ಎರಡು ವರ್ಷವೂ ಹೋಗಿತ್ತು.

‘ತೋರ್ಸು’ ಅಂದೆ. ಅವನು ಕೈಯನ್ನು ಪಂಚೆಗೆ ಒರೆಸಿಕೊಂಡು ಬಂದ. ಕಬ್ಬಿನ ಸಿಪ್ಪೆಯ ಮೇಲೆ ಇಬ್ಬರೂ ನಿಂತೆವು. ಎಡಗಾಲು ಮುಂದಿಟ್ಟೆ. ಇಪ್ಪತ್ತು ವರ್ಷ ದಾಟಿದರೂ ಅದು ತಾನಾಗಿಯೇ ಒಂದು ಸಲ ಮೇಲೆದ್ದಿತು. ಅಷ್ಟರಲ್ಲಿ ಅವನ ಭುಜ ನನ್ನ ಕಂಕುಳ ಕೆಳಗಿತ್ತು, ಬಿಸಿಯಾದ ಒಂದು ಅಂಗೈ ನನ್ನ ಕತ್ತಿನ ಮೇಲೆ. ಎತ್ತಲಿಲ್ಲ. ಹಾಗೇ ಹಿಡಿದು ನಿಂತ. ಒಳಗೆ ಕೊಪ್ಪರಿಗೆ ಉಕ್ಕಿತು ಅಂತ ಯಾರೋ ಕೂಗಿದರು, ಅವನು ಕೈಬಿಟ್ಟು ಓಡಿದ.