ಹುಣಸೂರಿನ ಕುಳ್ಳನಿಗೆ ಕಿಶೋರ್ ಕಂಠ!

ಹುಣಸೂರಿಗೆ ರೈಲಿಲ್ಲ. ಅಂದೂ ಇರಲಿಲ್ಲ, ಇಂದೂ ಇಲ್ಲ. ಬಸ್ಸೇ ಗತಿ! ಮೈಸೂರಿನಿಂದ ಸುಮಾರು 45 ಕಿಲೋಮೀಟರ್. ಕಿಟಕಿ ಪಕ್ಕ ಸೀಟು ಸಿಕ್ಕಿತೋ, ನೀವು ಪುಣ್ಯವಂತರು.

ಸಿನಿಮಾ ಪ್ರಿಯರಿಗೆ ಈ ದಾರಿಯ ಕಥೆ ಮೈಸೂರು ದಾಟುವ ಮೊದಲೇ ಶುರುವಾಗುತ್ತೆ. ಪ್ರೀಮಿಯರ್ ಸ್ಟುಡಿಯೋ ಇದ್ದದ್ದು ಇದೇ ಹುಣಸೂರು ರಸ್ತೆಯಲ್ಲಿ. ಕನ್ನಡದ ಎಷ್ಟೋ ಅರಮನೆಗಳು, ಎಷ್ಟೋ ಗುಡಿಸಲುಗಳು ಅಲ್ಲಿ ಎದ್ದವು, ಬಿದ್ದವು. 1989ರ ಫೆಬ್ರವರಿಯಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಮಂದಿ ಪ್ರಾಣ ಕಳಕೊಂಡರು. ಆ ಸ್ಟುಡಿಯೋದ ಹಳೆಯ ವೈಭವ ಮತ್ತೆ ಬರಲಿಲ್ಲ.

ಮುಂದೆ ಹಿನಕಲ್, ಇಲವಾಲ, ಬಿಳಿಕೆರೆ. ಬಿಳಿಕೆರೆಯಲ್ಲಿ ಬಲಕ್ಕೆ ಹೊರಳಿದರೆ ಕೆ.ಆರ್. ನಗರ. ನೇರ ಹೋದರೆ ಲಕ್ಷ್ಮಣತೀರ್ಥ ನದಿ, ಅದರ ದಂಡೆಯ ಮೇಲೆ ಹುಣಸೂರು. ಎಡಕ್ಕೆ ಎಚ್.ಡಿ. ಕೋಟೆ ಕಡೆಯ ದಾರಿ, ಮುಂದೆ ಪಿರಿಯಾಪಟ್ಟಣ, ಆಮೇಲೆ ಕೊಡಗು. ಮಳೆಗಾಲದಲ್ಲಿ ಹೋದರೆ ಹೊಲಗಳ ನಡುವಿನ ಬ್ಯಾರನ್‌ಗಳಲ್ಲಿ ಹೊಗೆಸೊಪ್ಪು ಬೇಯುವ ವಾಸನೆ ಬಸ್ಸಿನೊಳಕ್ಕೇ ನುಗ್ಗುತ್ತೆ. ಮರಮುಟ್ಟು, ಹೊಗೆಸೊಪ್ಪು, ನಾಗರಹೊಳೆ ಕಾಡು, ಇದು ಹುಣಸೂರಿನ ಹೆಸರು. ಪಕ್ಕದ ಕಲ್ಲಹಳ್ಳಿಯ ದೇವರಾಜ ಅರಸರಿಂದ ರಾಜಕೀಯದಲ್ಲೂ ಹೆಸರು.

ಆದರೆ ನಾವು ಇಲ್ಲಿಗೆ ಬಂದಿರೋದು ಬೇರೆ ಇಬ್ಬರನ್ನು ಹುಡುಕಿಕೊಂಡು. ಒಬ್ಬರು ಸೋದರಮಾವ, ಇನ್ನೊಬ್ಬರು ಅಳಿಯ!

ಊರನ್ನೇ ಹೆಸರಾಗಿಸಿಕೊಂಡ ಮಾವ

ಮಾವ ಅಂದರೆ ಹುಣಸೂರು ಕೃಷ್ಣಮೂರ್ತಿ. ಹುಟ್ಟಿದ್ದು 1914ರಲ್ಲಿ, ಇದೇ ಊರಲ್ಲಿ. ನಾಟಕ ಕಂಪನಿಗಳಲ್ಲಿ ಪಳಗಿದ ಕೈ. ಆ ಕಾಲದ ಕಂಪನಿ ನಾಟಕ ಅಂದರೆ ಗೊತ್ತಲ್ಲ, ಮಾತು ಮುಗಿಯೋಕೆ ಮುಂಚೆ ಹಾಡು ಬರಬೇಕು. ರಾಜ ಸಿಟ್ಟಾದರೂ ಹಾಡು, ಸತ್ತರೂ ಹಾಡು. ಆ ಪಾಠ ಅವರ ಸಿನಿಮಾಗಳಲ್ಲಿ ಕೊನೇವರೆಗೂ ಉಳಿಯಿತು. 1965ರ 'ಸತ್ಯ ಹರಿಶ್ಚಂದ್ರ'ದಲ್ಲಿ ಸ್ಮಶಾನದ ವೀರಬಾಹುವಿಗೆ ಜಾತಿಯ ಜಂಬ ಇಳಿಸುವ ಹಾಡು ಬರೆದವರು ಇದೇ ಹುಣಸೂರು. ಹಾಡಿದವರು ಘಂಟಸಾಲ. ಆ ಹಾಡಿಗೆ ಇವತ್ತಿಗೂ ಮದುವೆ ಮನೆಯಲ್ಲೂ ಮರ್ಯಾದೆ, ಗಣೇಶನ ಪೆಂಡಾಲಿನಲ್ಲೂ ಮರ್ಯಾದೆ! 1977ರ 'ಬಭ್ರುವಾಹನ'ದಲ್ಲಿ ಅಪ್ಪ ಮಗ ಬಾಣ ಬಿಡುವ ಮೊದಲು ಪದ್ಯ ಬಿಡ್ತಾರಲ್ಲ, ಅದೂ ಕಂಪನಿ ನಾಟಕದ ವರಸೆಯೇ.

ಸಿನಿಮಾ ಜನಕ್ಕೆ ಅವರು ಬರೀ 'ಹುಣಸೂರು'. ಊರಿನ ಹೆಸರೇ ಮನುಷ್ಯನ ಹೆಸರಾಗೋ ಭಾಗ್ಯ ಎಷ್ಟು ಊರಿಗುಂಟು, ಹೇಳಿ?

ಬಿಡಿಭಾಗದ ಅಂಗಡಿಯ ಹುಡುಗ

ಇನ್ನು ಅಳಿಯ. ಬಂಗಲೆ ಶಾಮರಾವ್ ದ್ವಾರಕಾನಾಥ್. 1942ರ ಆಗಸ್ಟ್ 19ರಂದು ಹುಣಸೂರಿನಲ್ಲಿ ಜನನ. ಬೆಳೆದದ್ದು ಮೈಸೂರಿನ ಇಟ್ಟಿಗೆಗೂಡಿನಲ್ಲಿ. ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಓದು ಮುಗಿದ ಮೇಲೆ ಅಣ್ಣನ ಜೊತೆ ಭಾರತ್ ಆಟೋ ಸ್ಪೇರ್ಸ್ ಅನ್ನೋ ಅಂಗಡಿ. ನಟ್ಟು, ಬೋಲ್ಟು, ಬೇರಿಂಗ್! ಮನೆಯವರಿಗೆ ನೆಮ್ಮದಿ. ದಿನಾ ಗಲ್ಲಾಪೆಟ್ಟಿಗೆ ಸದ್ದು ಮಾಡುವ ವ್ಯಾಪಾರ ಬಿಟ್ಟು ಬಣ್ಣ ಹಚ್ಚೋಕೆ ಯಾರು ಹೋಗ್ತಾರೆ?

ಇವರು ಹೋದರು. 1963ರಲ್ಲಿ ಅಂಗಡಿಗೆ ಕೈ ಮುಗಿದು ಮಾವನ ಬೆನ್ನು ಹಿಡಿದರು. 1964ರಲ್ಲಿ ಮಾವನ 'ವೀರ ಸಂಕಲ್ಪ'ದಲ್ಲಿ ಮೊದಲ ಪಾತ್ರ. ದ್ವಾರಕಾನಾಥ್ ಹೋಗಿ ದ್ವಾರಕೀಶ್ ಆದದ್ದು ಸಿ.ವಿ. ಶಿವಶಂಕರ್ ಇಟ್ಟ ಹೆಸರಿನಿಂದ.

ಮಾವ ಬಾಗಿಲು ತೆಗೆಯಬಹುದು, ಕುರ್ಚಿ ಕೊಡೋಕಾಗಲ್ಲ. ಆಗಿನ ಕನ್ನಡ ತೆರೆ ನೋಡಿ. ನಾಯಕನೆಂದರೆ ರಾಜ್‌ಕುಮಾರ್, ಉದಯಕುಮಾರ್, ಕಲ್ಯಾಣ್‌ಕುಮಾರ್. ಹಾಸ್ಯಕ್ಕೆ ನರಸಿಂಹರಾಜು, ಬಾಲಕೃಷ್ಣ. ಎರಡು ಕಡೆಯೂ ಹೌಸ್‌ಫುಲ್! ಎತ್ತರವಿಲ್ಲದ ಹುಡುಗನಿಗೆ ನಿಲ್ಲಲು ಜಾಗವೆಲ್ಲಿ?

ಜಾಗ ಇಲ್ಲದಿದ್ದರೆ ಜಾಗವನ್ನೇ ಕಟ್ಟೋಣ ಅಂತ ಹೊರಟದ್ದೇ ದ್ವಾರಕೀಶರ ವಿಶೇಷ. ಪಾತ್ರ ಕೇಳುತ್ತಾ ಕೂರಲಿಲ್ಲ. 1966ರಲ್ಲೇ ಸ್ನೇಹಿತರ ಜೊತೆ ಸೇರಿ 'ಮಮತೆಯ ಬಂಧನ' ನಿರ್ಮಿಸಿದರು. 1969ರಲ್ಲಿ ಸ್ವಂತ ಧೈರ್ಯದ ಮೇಲೆ 'ಮೇಯರ್ ಮುತ್ತಣ್ಣ'. ನಾಯಕ ರಾಜ್‌ಕುಮಾರ್, ನಾಯಕಿ ಭಾರತಿ, ಸಂಗೀತ ಮೈಸೂರಿನವರೇ ಆದ ರಾಜನ್-ನಾಗೇಂದ್ರ. ನಿರ್ದೇಶನಕ್ಕೆ? ಅದುವರೆಗೆ ಒಂದು ಚಿತ್ರವನ್ನೂ ನಿರ್ದೇಶಿಸದ ಸಿದ್ಧಲಿಂಗಯ್ಯ! 27ರ ಹುಡುಗ, ಹೊಸ ನಿರ್ದೇಶಕ, ದೊಡ್ಡ ನಾಯಕ. ಮುಳುಗಿದ್ದರೆ ಮತ್ತೆ ಬೇರಿಂಗ್ ಮಾರಬೇಕಿತ್ತು. ಮುತ್ತಣ್ಣ ಗೆದ್ದ. ಕನ್ನಡಕ್ಕೆ ಒಬ್ಬ ನಿರ್ಮಾಪಕನೂ ಸಿಕ್ಕ, ಒಬ್ಬ ಒಳ್ಳೆಯ ನಿರ್ದೇಶಕನೂ ಸಿಕ್ಕ.

ಬಾಂಡನಿಗೆ ಎದುರು ಮೂರು ಸೊನ್ನೆ

ಆಗ ಊರೆಲ್ಲ ಬಾಂಡ್ ಜ್ವರ. ಬ್ರಿಟಿಷರ ಗೂಢಚಾರ 007 ಆಗಿ ಆರಡಿ ಮೀರಿದ ಶಾನ್ ಕಾನರಿ ಜಗತ್ತನ್ನೇ ಕುಣಿಸಿದ್ದ. ನಮ್ಮಲ್ಲೂ 1968ರಲ್ಲಿ 'ಜೇಡರ ಬಲೆ' ಬಂತು, ರಾಜ್‌ಕುಮಾರ್ ಸಿಐಡಿ 999 ಆದರು. ಮೂರು ಒಂಬತ್ತರ ಮೇಲೆ ಇನ್ನೇನಿದೆ? ಮೂರು ಸೊನ್ನೆ!

1972ರಲ್ಲಿ 'ಕುಳ್ಳ ಏಜೆಂಟ್ 000' ಬಂತು. ನಿರ್ದೇಶನ ಕೆ.ಎಸ್.ಎಲ್. ಸ್ವಾಮಿ. ನಾಯಕ ಬೇರೆ ಯಾರೂ ಅಲ್ಲ, ನಮ್ಮ ಹುಣಸೂರಿನ ಹುಡುಗನೇ. ಒಂದು ಮಾತು ಗಮನಿಸಿ. ಕುಳ್ಳ ಅನ್ನೋದು ಬೀದೀಲಿ ಬೈಯುವ ಮಾತು. ಬೇರೆಯವರು ಕೂಗೋ ಮೊದಲು ತಾನೇ ಅದನ್ನು ಪೋಸ್ಟರಿನ ಮೇಲೆ ಹಾಕಿಕೊಂಡುಬಿಟ್ಟರೆ? ಬೈಯುವವನ ಬಾಯಿ ಬಂದ್! ಮುಂದೆ ಆ ಪದವೇ ಅವರಿಗೆ ಬಿರುದಾಯಿತು.

ನಾಯಕನಾದ ಮೇಲೆ ಹಾಡಬೇಕಲ್ಲ. ಯಾರ ಕಂಠ? ಪಿ.ಬಿ. ಶ್ರೀನಿವಾಸರ ಮೃದು ದನಿ ಆಗಲೇ ರಾಜ್‌ಕುಮಾರರ ಮುಖಕ್ಕೆ ಅಂಟಿಹೋಗಿತ್ತು. ದ್ವಾರಕೀಶ್ ಬೊಂಬಾಯಿ ಕಡೆ ನೋಡಿದರು. ಕಿಶೋರ್ ಕುಮಾರ್! ರಾಗ ರಾಜನ್-ನಾಗೇಂದ್ರರದು, ಸಾಹಿತ್ಯ ಚಿ. ಉದಯಶಂಕರರದು. ಹಾಡು 'ಆಡು ಆಟ ಆಡು'. ಕನ್ನಡದಲ್ಲಿ ಕಿಶೋರ್ ಹಾಡಿದ್ದು ಅದೊಂದೇ. ಅದೊಂದೇ ಸಾಕಾಯಿತು!

ಈ ಆಯ್ಕೆಯಲ್ಲಿ ಬರೀ ಶೋಕಿ ಇರಲಿಲ್ಲ ಅನ್ನೋದು ನನ್ನ ಮಾತು. ಕಿಶೋರ್ ಕಥೆ ಕೇಳಿ. ಸಿನಿಮಾಕ್ಕೆ ಬರುವ ಹೊತ್ತಿಗೆ ಅಣ್ಣ ಅಶೋಕ್ ಕುಮಾರ್ ದೊಡ್ಡ ತಾರೆ. 1948ರ 'ಜಿದ್ದಿ'ಯಲ್ಲಿ ಹಾಡಿದರೂ ಎಷ್ಟೋ ವರ್ಷ ಜನ ಅವರನ್ನು ಕಂಡದ್ದು ತಮಾಷೆಯ ನಟನಾಗಿ. ಶಾಸ್ತ್ರೀಯ ಪಾಠ ಕಲಿತವರಲ್ಲ. ಗಾಯಕರಲ್ಲಿ ಮೊದಲ ಸಾಲಿಗೆ ಬಂದು ಕೂತದ್ದು 1969ರ 'ಆರಾಧನಾ' ಆದಮೇಲೆ. ಅಲ್ಲಿ ಅಣ್ಣ, ಇಲ್ಲಿ ಸೋದರಮಾವ. ಇಬ್ಬರಿಗೂ ಬಾಗಿಲು ತೆರೆದದ್ದು ಮನೆಯವರಿಂದ, ಹೆಸರು ಬಂದದ್ದು ಸ್ವಂತ ಹಟದಿಂದ. ಇನ್ನೊಂದು ಮಜಾ ನೋಡಿ. 1958ರ 'ಚಲ್ತಿ ಕಾ ನಾಮ್ ಗಾಡಿ'ಯಲ್ಲಿ ಕಿಶೋರ್ ತಮ್ಮ ಅಣ್ಣಂದಿರ ಜೊತೆ ಮೋಟಾರ್ ಗ್ಯಾರೇಜು ನಡೆಸ್ತಾರೆ. ನಮ್ಮ ದ್ವಾರಕೀಶ್ ನಿಜಜೀವನದಲ್ಲೇ ಅಣ್ಣನ ಜೊತೆ ಮೋಟಾರ್ ಸಾಮಾನು ಮಾರಿದವರು!

ನಗಿಸುವ ಮನುಷ್ಯನ ಎದೆಯಲ್ಲೂ ಒಂದು ಹಾಡಿರುತ್ತೆ. ಅದಕ್ಕೆ ತಕ್ಕ ದನಿ ಇನ್ನೊಬ್ಬ ನಗಿಸುವವನ ಗಂಟಲಲ್ಲೇ ಸಿಕ್ಕಿತು.

ಆಮೇಲೆ...

ಆಮೇಲಿನದು ನಿಮಗೆಲ್ಲ ಗೊತ್ತೇ ಇದೆ. 1978ರಲ್ಲಿ 'ಸಿಂಗಾಪುರದಲ್ಲಿ ರಾಜಾ ಕುಳ್ಳ', 1981ರಲ್ಲಿ 'ಗುರು ಶಿಷ್ಯರು', ನಡುನಡುವೆ ಕೈ ಸುಟ್ಟ ಚಿತ್ರಗಳು, ಸಾಲ, ಮತ್ತೆ 2004ರಲ್ಲಿ 'ಆಪ್ತಮಿತ್ರ'ದ ದೊಡ್ಡ ಗೆಲುವು. ಮಾವ ಹುಣಸೂರು 1989ರಲ್ಲಿ ತೀರಿಕೊಂಡರು. ಅಳಿಯ ದ್ವಾರಕೀಶ್ 2024ರ ಏಪ್ರಿಲ್ 16ರಂದು ಹೊರಟರು.

ಮಡಿಕೇರಿ ಕಡೆ ಹೋಗುವ ಬಸ್ಸು ಹುಣಸೂರಿನಲ್ಲಿ ನಿಂತಾಗ ಹೆಚ್ಚಿನವರು ಕಾಫಿ ಕುಡಿದು ಮತ್ತೆ ಹತ್ತಿಕೊಳ್ತಾರೆ. ಇನ್ನೊಂದು ಸಲ ಆ ಕಡೆ ಹೋದರೆ ಸುತ್ತ ಒಮ್ಮೆ ಕಣ್ಣಾಡಿಸಿ. ಗಣೇಶನ ಪೆಂಡಾಲಿನ ಹಾಡು ಬರೆದವರೂ ಈ ಊರಿನವರೇ, ಕಿಶೋರ್ ಕೈಲಿ ಕನ್ನಡ ಹಾಡಿಸಿದವರೂ ಈ ಊರಿನವರೇ. ಕಾಫಿ ತಣ್ಣಗಾದರೆ ಆಗಲಿ ಬಿಡಿ!