ದೊಡ್ಡ ಚಕ್ರದ ಪಾಠ

ರಾಜ್ಯೋತ್ಸವದ ಸಾಮಾನು ಹೊರುವ ನನ್ನ ಹಳೆಯ ಪಿಕಪ್ಪಿನ ಹಿಂಭಾಗ ಕುಸಿದಿತ್ತು. ಲೋಣಾವಳಾದ ಮಳೆಗೆ ರಸ್ತೆಗಿಂತ ಹೊಂಡವೇ ಹೆಚ್ಚು. ಬಿ.ಎಸ್ಸಿ. ಓದಿದವನಿಗೆ ಮೆಕ್ಯಾನಿಕ್ ಏತಕ್ಕೆ? ಎರಡು ಭಾನುವಾರ ಕುಳಿತು ಹಿಂದಿನ ಸ್ಪ್ರಿಂಗುಗಳಿಗೆ ಒಂದೊಂದು ಪ್ಲೇಟು ಸೇರಿಸಿದೆ. ನಾಲ್ಕೂ ಚಕ್ರಕ್ಕೆ ಅಳತೆ ಮೀರಿದ ಟೈರು ಹಾಕಿದೆ. ಗಾಡಿ ಗತ್ತಿನಿಂದ ನಿಂತಿತು.

ಮಗಳನ್ನು ಕೂರಿಸಿಕೊಂಡು ಖೋಪೋಲಿಯತ್ತ ಘಾಟಿ ಇಳಿಯುವಾಗ, ಬ್ರೇಕು ಒತ್ತಿದರೂ ಗಾಡಿ ನಿಲ್ಲಲೊಲ್ಲದು. “ಅಪ್ಪಾ!” ಎಂದು ತೋಳು ಹಿಡಿದಳು. ತಿರುವಿನಲ್ಲಿ ಹೇಗೋ ನಿಂತೆವು.

ಮರೆತ ಪಾಠ ಆಗ ನೆನಪಾಯಿತು. ಚಕ್ರದ ವ್ಯಾಸ ಶೇಕಡಾ ೧೦ ಹೆಚ್ಚಿದರೆ ಮೀಟರಿನ ೪೦ ನಿಜದಲ್ಲಿ ೪೪. ಬ್ರೇಕಿನ ಹಿಡಿತವೋ ಸುಮಾರು ಶೇಕಡಾ ೯ ಕಡಿಮೆ.

ಮರುದಿನವೇ ಮೂಲ ಅಳತೆಯ ಟೈರು ಹಾಕಿಸಿದೆ. ಸೇರಿಸಿದ ಪ್ಲೇಟು ಉಳಿದಿದೆ. ಹೊರೆಯಿದ್ದಾಗ ಹಿತ, ಬರಿದಾದಾಗ ಕುಲುಕಾಟ. ಗಾಡಿಯ ಗತ್ತು ಇಳಿದಿದೆ, ನನ್ನದೂ.