ನಾಣ್ಯ ಮೂರು, ಕವರ್ ಒಂದು, ಪೋಸ್ಟ್ ಚಾರ್ಜ್ ಮೂರು ಸಲ

ಹಳೇ ನಾಣ್ಯ, ನೋಟು, ಸ್ಟಾಂಪುಗಳ ಆನ್‌ಲೈನ್ ಹರಾಜಿನಲ್ಲಿ ವಸ್ತುವಿನ ಬೆಲೆಗೆ ಜಗಳ ಆಗುವುದು ಕಡಿಮೆ. ಬೆಲೆ ನಾವೇ ಕೂಗಿದ್ದು, ಅದಕ್ಕೆ ಯಾರ ಮೇಲೆ ಸಿಟ್ಟಾಗೋದು? ಜಗಳ ಹುಟ್ಟುವುದು ಪೋಸ್ಟ್ ಚಾರ್ಜಿಗೆ.

ನಮ್ಮೂರಲ್ಲಿ ಹಿಟ್ಟಿನ ಗಿರಣಿ ನಡೆಸುವ ಕಾಕಾ ಒಬ್ಬರಿದ್ದಾರೆ. ಖಡ್ಗಮೃಗ ಇರುವ 25 ಪೈಸೆ ನಾಣ್ಯ ಕೂಡಿಸುವ ಹುಚ್ಚು ಅವರಿಗೆ. 2011ರ ಜೂನ್ ಮುಗಿದ ಮೇಲೆ ಆ ನಾಣ್ಯ ಚಲಾವಣೆಯಲ್ಲಿಲ್ಲ. ಆದರೆ ಇಸವಿಯ ಕೆಳಗಿನ ಗುರುತು ನೋಡಿ ಕೊಳ್ಳುವವರಿದ್ದಾರೆ: ನಕ್ಷತ್ರ ಇದ್ದರೆ ಹೈದರಾಬಾದ್ ಟಂಕಸಾಲೆ, ಚುಕ್ಕೆ ಇದ್ದರೆ ನೋಯ್ಡಾ, ವಜ್ರದ ಆಕಾರ ಇದ್ದರೆ ಮುಂಬೈ. ಕಾಕಾ ಒಬ್ಬನೇ ಮಾರಾಟಗಾರನ ಹತ್ತಿರ ಮೂರು ನಾಣ್ಯ ಗೆದ್ದರು. ಮೂರೂ ಸೇರಿ 60 ರೂಪಾಯಿ. ಬಿಲ್ ಬಂದಿದ್ದು 240. ನಾಣ್ಯಕ್ಕೆ 60ರಂತೆ ಮೂರಕ್ಕೂ ಬೇರೆ ಬೇರೆ ಪೋಸ್ಟ್ ಚಾರ್ಜ್!

ದುಡ್ಡು ಹಾಕದಿದ್ದರೆ ಖಾತೆ ಬಂದ್ ಆಗುತ್ತದೆ ಅಂತ ಹಾಕಿದರು. ವಾರದಲ್ಲಿ ಒಂದೇ ಕವರ್ ಬಂತು. ಒಳಗೆ ಹಳೇ ಲಗ್ನಪತ್ರಿಕೆಯ ರಟ್ಟು, ಅದರಲ್ಲಿ ಮೂರೂ ನಾಣ್ಯ.

‘ನೋಡಪಾ, ಮೂರೂ ಒಂದ ಕವರಿನಾಗ ಬಂದಾವು. ಪೋಸ್ಟ್ ಮಾತ್ರ ಮೂರ ಸಲ ಹಿಡಿದಾನ. ಪೇಪರಿನಾಗ ಹಾಕು’ ಅಂದರು.

ಇಂಥ ಸುದ್ದಿ ಕಳಿಸಿದರೆ ಡೆಸ್ಕಿನವರು ನಗುತ್ತಾರೆ. ನೂರಿಪ್ಪತ್ತು ರೂಪಾಯಿ ಜಗಳಕ್ಕೆ ಯಾವ ಪೇಪರಿನಲ್ಲೂ ಜಾಗ ಇಲ್ಲ. ಗಿರಣಿಯಲ್ಲಿ ನೂರಿಪ್ಪತ್ತು ರೂಪಾಯಿ ದುಡಿಯಬೇಕೆಂದರೆ ಎಷ್ಟು ಜೋಳ ಬೀಸಬೇಕು ಅನ್ನೋದು ಕಾಕಾಗೇ ಗೊತ್ತು. ಹೀಗಾಗಿ ಸುದ್ದಿ ಬಿಟ್ಟು ಕವರ್ ಕೇಳಿದೆ. ಪುಣ್ಯಕ್ಕೆ ಎಸೆದಿರಲಿಲ್ಲ.

ಸ್ಪೀಡ್ ಪೋಸ್ಟ್ ಕವರ್ ಮೇಲೆ ಅಂಚೆ ಕಚೇರಿಯವರು ಅಂಟಿಸುವ ಚೀಟಿಯಲ್ಲಿ ತೂಕ, ಕಟ್ಟಿದ ದುಡ್ಡು ಎರಡೂ ಅಚ್ಚಾಗಿರುತ್ತವೆ. ತೂಕ 50 ಗ್ರಾಂ ಒಳಗೇ ಇತ್ತು. 2025ರ ಅಕ್ಟೋಬರ್‌ನಿಂದ ಬೇರೆ ಊರಿಗೆ ಅಷ್ಟು ತೂಕದ ಸ್ಪೀಡ್ ಪೋಸ್ಟಿಗೆ 47 ರೂಪಾಯಿ, ಮೇಲೆ ಶೇ. 18 ಜಿಎಸ್‌ಟಿ. ಅಂದರೆ 55 ರೂಪಾಯಿ ಚಿಲ್ಲರೆ. ಆತ ಹಿಡಿದಿದ್ದು 180.

ನಂಬರ್ ಇತ್ತು, ಫೋನ್ ಮಾಡಿದೆ. ಮಾರಾಟಗಾರ ಮೊದಲು ಜೋರು ಮಾಡಿದ, ಆಮೇಲೆ ತನ್ನ ಕಷ್ಟ ಹೇಳಿಕೊಂಡ. ಆತ ಹೇಳಿದ್ದರಲ್ಲಿ ಸುಳ್ಳೇ ಇತ್ತು ಅನ್ನಲಾರೆ. ಮೊದಲೆಲ್ಲ ರಿಜಿಸ್ಟರ್ಡ್ ಪೋಸ್ಟ್ ಅಗ್ಗವಾಗಿತ್ತು, 2025ರಲ್ಲಿ ಅದನ್ನು ಸ್ಪೀಡ್ ಪೋಸ್ಟಿಗೆ ಸೇರಿಸಿದರು. ಕವರ್, ಟೇಪು, ಅಂಚೆ ಕಚೇರಿಯ ಸರದಿ, ಯಾವುದೂ ಪುಕ್ಕಟೆ ಅಲ್ಲ. ಸರಿ, ಒಪ್ಪಿದೆ. ಹಾಗಾದರೆ ಅದನ್ನು ಪ್ಯಾಕಿಂಗ್ ಅಂತ ಬರೆಯಬೇಕು, ಕೂಗುವ ಮೊದಲೇ ಹೇಳಬೇಕು. ಪೋಸ್ಟ್ ಅಂತ ಬರೆದು ಒಂದು ಕವರಿಗೆ ಮೂರು ಸಲ ಹಿಡಿಯುವುದು ಯಾವ ಲೆಕ್ಕ?

ಈ ಚಾಳಿ ನಮ್ಮಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಇಬೇ ಮೊದಲು ವಸ್ತುವಿನ ಬೆಲೆಯ ಮೇಲೆ ಮಾತ್ರ ಕಮಿಷನ್ ತೆಗೆದುಕೊಳ್ಳುತ್ತಿತ್ತು. ಕೆಲವು ಮಾರಾಟಗಾರರು ಬೆಲೆ ಇಳಿಸಿ ಪೋಸ್ಟ್ ಏರಿಸಿದರು. 2011ರಲ್ಲಿ ಅಲ್ಲಿ ಪೋಸ್ಟ್ ಚಾರ್ಜಿಗೂ ಕಮಿಷನ್ ಹಾಕಿದರು. ಬೆಲೆ ಕಡಿಮೆ, ಪೋಸ್ಟ್ ಜಾಸ್ತಿ ಇಟ್ಟರೆ ಮಾರುವವನಿಗೆ ಇನ್ನೊಂದು ಲಾಭ ಇದೆ. ವಸ್ತು ಸರಿಯಿಲ್ಲ ಅಂತ ವಾಪಸ್ ಕಳಿಸಿದರೆ ಬೆಲೆ ಮಾತ್ರ ಕೊಡುತ್ತೇನೆ, ಪೋಸ್ಟ್ ಕೊಡಲ್ಲ ಅನ್ನಬಹುದು. ಕಾಕಾ ವಾಪಸ್ ಮಾಡಿದ್ದರೆ 240ರಲ್ಲಿ ಕೈಗೆ ಬರುತ್ತಿದ್ದದ್ದು 60.

ನಮ್ಮಲ್ಲೂ ಕಾನೂನಿದೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ವ್ಯಾಪಾರವಾಗಿ ಮಾರುವವರು ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ತೋರಿಸಬೇಕು, ಅದರೊಳಗೆ ಪೋಸ್ಟ್ ಎಷ್ಟು, ಪ್ಯಾಕಿಂಗ್ ಎಷ್ಟು ಅಂತ ಬಿಡಿಸಿ ಹೇಳಬೇಕು. ಮೊದಲು ಒಂದು ಬೆಲೆ ತೋರಿಸಿ ದುಡ್ಡು ಕಟ್ಟುವಾಗ ಬೇರೆ ಚಾರ್ಜ್ ಸೇರಿಸುವುದನ್ನು 2023ರ ಮಾರ್ಗಸೂಚಿಯಲ್ಲಿ ಮೋಸದ ವಿಧಾನಗಳ ಪಟ್ಟಿಗೇ ಸೇರಿಸಿದ್ದಾರೆ. ಗ್ರಾಹಕ ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ ನಮ್ಮ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಮಾರಾಟಗಾರನ ಊರಿಗೆ ಹೋಗಬೇಕಿಲ್ಲ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ ನೂರಿಪ್ಪತ್ತು ರೂಪಾಯಿಗೆ ಯಾರು ಗಿರಣಿ ಬಂದ್ ಮಾಡಿ ಜಿಲ್ಲಾ ಕೇಂದ್ರದ ಬಸ್ಸು ಹತ್ತುತ್ತಾರೆ? ಇದು ಮಾರುವವರಿಗೂ ಗೊತ್ತು.

ಅಷ್ಟಕ್ಕೆ ಹೋಗಬೇಕಾಗಲಿಲ್ಲ. ಕವರಿನ ಚೀಟಿ ಫೋಟೊ ಹೊಡೆದು, ಬಿಲ್ಲಿನ ಪಕ್ಕ ಇಟ್ಟು ಕಳಿಸಿದೆವು. 1915ಕ್ಕೆ ದೂರು ಕೊಡುತ್ತೇವೆ ಅಂತಲೂ ಬರೆದೆವು. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಪೋಸ್ಟ್ 55, ಪ್ಯಾಕಿಂಗ್ 25 ಅಂತ ಲೆಕ್ಕ ಬರೆದು 100 ರೂಪಾಯಿ ವಾಪಸ್ ಹಾಕಿದ. ಮುಂದಿನ ಸಲ ಒಂದೇ ಕವರಾದರೆ ಒಂದೇ ಚಾರ್ಜ್ ಅಂತಲೂ ಬರೆದ.

ನನಗೆ ಸಮಾಧಾನ ಆಯಿತು, ಕಾಕಾಗೆ ಆಗಿಲ್ಲ. ಲಗ್ನಪತ್ರಿಕೆ ರಟ್ಟನ್ನು ಇನ್ನೂ ಗಿರಣಿಯಲ್ಲೇ ಇಟ್ಟುಕೊಂಡಿದ್ದಾರೆ, ಹಿಟ್ಟಿಗೆ ಬಂದವರಿಗೆಲ್ಲ ತೋರಿಸುತ್ತಾರೆ: ‘ಇಪ್ಪತ್ತೈದ ರೂಪಾಯಿ ಪ್ಯಾಕಿಂಗ್ ಅಂದ್ರ ಇದ ನೋಡ್ರಿ. ಯಾರದೋ ಮದವಿ, ಊಟನೂ ಇಲ್ಲ.’